ಕರಡಿಗೆ ಯಾವ ಬಂದೂಕು ಎಂದು ಕೇಳುವ ತಮ್ಮಂದಿರಿಗೆ

ಗುಂಡಗುರ್ತಿ, ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹೊಲದ ಮಕ್ಕಳಿಗೆ ಕಿವಿಮಾತು

"ಮುತ್ಯಾ, ಕರಡಿ ಹೊಡಿಲಿಕ್ಕ ಯಾವ ರೈಫಲ್ ಛಲೋ?" ಮೊಬೈಲಿನಲ್ಲಿ ಅಮೆರಿಕದ ಕರಡಿ ಬೇಟೆ ನೋಡಿದ ಹುಡುಗರು ಈಚೆಗೆ ಕೇಳುವ ಪ್ರಶ್ನೆ ಇದು. ಸ್ವಲ್ಪ ಹೊತ್ತು ಮಾತಾಡಿಸಿದರೆ ನಿಜವಾದ ಸಂಕಟ ಹೊರಗೆ ಬರುತ್ತದೆ. ಕರಡಿಯನ್ನು ಅವರು ಹೊಲದಲ್ಲಿ ಕಂಡದ್ದೇ ಇಲ್ಲ. ಕಾಟ ಇರುವುದು ಕಾಡುಹಂದಿಯದು, ಜೊತೆಗೆ ಚಿಗರಿ, ಮಂಗ, ನವಿಲು. ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ನೆಲಕ್ಕೆ ಮಲಗಿದ್ದನ್ನು ಬೆಳಿಗ್ಗೆ ಎದ್ದು ನೋಡಿದವನಿಗೆ ಬಂದೂಕಿನ ನೆನಪಾಗುವುದು ಸಹಜ. ಹಾಗಾಗಿ ಬೈಯುವುದಿಲ್ಲ. ತಿಳಿದದ್ದನ್ನು ಹೇಳುತ್ತೇನೆ, ಕೇಳಿ.

• ಕರಡಿಯ ಮಾತು ಮೊದಲು ಮುಗಿಸೋಣ. ನಮ್ಮ ದೇಶದಲ್ಲಿ ಕರಡಿ ಬೇಟೆಗೆಂದು ರೈಫಲ್ ಆರಿಸುವ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದರ ಹೆಸರಿದೆ. ಹೊಡೆದರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಮನುಷ್ಯರ ಜೀವಕ್ಕೆ ಎರವಾದ ಕರಡಿಯನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಊರ ಪಂಚರಿಗೂ, ಪಂಚಾಯ್ತಿ ಅಧ್ಯಕ್ಷರಿಗೂ ಆ ಅಧಿಕಾರವಿಲ್ಲ. ಮೈಮೇಲೆ ಎರಗಿದಾಗ ಜೀವ ಉಳಿಸಿಕೊಳ್ಳಲು ಕೊಂದರೆ ಅದು ಅಪರಾಧವಲ್ಲ. ಆದರೆ ಸತ್ತ ಪ್ರಾಣಿ ಸರ್ಕಾರದ ಸೊತ್ತು. ಉಗುರು, ಕೂದಲು ಮುಟ್ಟಬಾರದು. ತಾಯತಕ್ಕೆ ಕರಡಿ ಕೂದಲು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅದಕ್ಕೆ ಹೇಳಿದೆ.

• "ಹಾಗಾದರೆ ಹಿಂದಿನವರು ಹೊಡೆಯಲಿಲ್ಲವೇ?" ಹೊಡೆದರು. ಬೇಟೆಗಾರ ಕೆನೆತ್ ಆಂಡರ್ಸನ್ 1957ರ ತನ್ನ ಪುಸ್ತಕದಲ್ಲಿ ಮೈಸೂರು ಸೀಮೆಯ ಕಪ್ಪು ಕರಡಿಯದೇ ಒಂದು ಅಧ್ಯಾಯ ಬರೆದಿದ್ದಾನೆ. ಅರಸೀಕೆರೆ ಹತ್ತಿರದ ಗುಡ್ಡಗಳಲ್ಲಿದ್ದ ಆ ಕರಡಿ ಹನ್ನೆರಡು ಜನರ ಜೀವ ತೆಗೆದಿತ್ತು. ಆಂಡರ್ಸನ್ನನ ಕಥೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದರು, ನಮ್ಮ ಹುಡುಗರು ಓದಿ ರೋಮಾಂಚನಗೊಂಡರು. ಆಂಡರ್ಸನ್ನನ ಕೈಯಲ್ಲಿದ್ದದ್ದು .405 ವಿಂಚೆಸ್ಟರ್ ರೈಫಲ್. ಓದಿ, ಸಂತೋಷಪಡಿ. ಅದು ಕಾಯ್ದೆ ಬರುವ ಮೊದಲಿನ ಕಾಲ. ಅವನೂ ಅಲ್ಲಿ ಬೆನ್ನಟ್ಟಿದ್ದು ಜನರನ್ನು ಕೊಂದ ಕರಡಿಯನ್ನು.

• ನಿಮಗೆ ಬೇಕಾದದ್ದು ಬೆಳೆ ಕಾಯುವ ಬಂದೂಕು. ಅದನ್ನು ಆರಿಸುವ ಕಷ್ಟ ನಿಮಗಿಲ್ಲ, ಕಾನೂನೇ ಆರಿಸಿಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ತೆಗೆದು ನೋಡಿ. ನಿಜವಾದ ಬೆಳೆ ರಕ್ಷಣೆಗೆ ಅದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದು ಎಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ, ಒಳಗೆ ನುಣುಪಾದ ನಳಿಕೆಯ ಬೇರೆ ಬಂದೂಕು. ಅಂದರೆ ನಾವು ಹನ್ನೆರಡು ಬೋರ್ ಅನ್ನುವಂಥದ್ದು. ಬೆಳೆ ಕಾಯುವವನಿಗೆ ಆ ಕಲಮಿನಲ್ಲಿ ರೈಫಲ್ ಇಲ್ಲ. ಅರ್ಜಿಯಲ್ಲಿ "ರೈಫಲ್" ಎಂದು ಬರೆದು, ಕಾರಣದಲ್ಲಿ "ಹಂದಿ ಕಾಟ" ಎಂದು ಬರೆದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಗುಮಾಸ್ತನ ಮೇಲೆ ಸಿಟ್ಟಾಗಿ ಏನು ಬಂತು?

• ಕಾನೂನು ಬದಿಗಿರಲಿ, ರೈಫಲ್ ಬೇಡ ಅನ್ನುವುದಕ್ಕೆ ನನ್ನ ಕಾರಣ ನಮ್ಮ ನೆಲ. ಕಾಗಿಣಾ ದಂಡೆಯ ಎರೆಹೊಲ ಎಷ್ಟು ಸಪಾಟು ಅನ್ನುವುದು ನಿಮಗೆ ಗೊತ್ತು. ಗುಂಡನ್ನು ತಡೆಯಲು ಗುಡ್ಡವಿಲ್ಲ, ದಟ್ಟ ಮರವಿಲ್ಲ. ಇರುವುದು ಮೊಣಕಾಲೆತ್ತರದ ಒಡ್ಡು, ಅದರ ಮೇಲೆ ನಾಲ್ಕು ಜಾಲಿ ಗಿಡ. ರೈಫಲ್ಲಿನ ನಳಿಕೆಯೊಳಗೆ ಸುರುಳಿ ಗೀರುಗಳಿರುತ್ತವೆ, ಅವು ಗುಂಡನ್ನು ತಿರುಗಿಸಿ ನೆಟ್ಟಗೆ ಓಡಿಸುತ್ತವೆ. ಇಶಾಪುರದ ಕಾರ್ಖಾನೆಯ .315 ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಎರಡು ಕಿಲೋಮೀಟರ್ ದಾಟಿ ಹೋಗಬಲ್ಲದು. "ಸಣ್ಣದು, ಏನೂ ಆಗಲ್ಲ" ಎಂದು ಮಾರುವ .22ರ ಗುಂಡೂ ಒಂದೂವರೆ ಕಿಲೋಮೀಟರ್ ಹೋಗುತ್ತದೆ. ಆ ದೂರದಲ್ಲಿ ಏನಿರುತ್ತದೆ ಎಂದು ಯೋಚಿಸಿ. ಮಳಖೇಡ, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವವರು, ಹೊಲದಲ್ಲಿ ಕುರಿ ತರುಬಿ ಕಂಬಳಿ ಹೊದ್ದು ಮಲಗಿದವರು, ತಾಂಡಾದ ಅಂಗಳದಲ್ಲಿ ಹೊರಸು ಹಾಕಿಕೊಂಡವರು, ನಸುಕಿನಲ್ಲಿ ಚೆಂಬು ಹಿಡಿದು ಹೊರಟವರು. ಹನ್ನೆರಡು ಬೋರಿನ ದಪ್ಪ ಚರೆ ಮೂವತ್ತು ನಲವತ್ತು ಮೀಟರ್ ಆಚೆ ಹರಡಿಕೊಂಡು ಕಸು ಕಳೆದುಕೊಳ್ಳುತ್ತದೆ. ಬೇಟೆಗಾರ ಅದನ್ನು ಕೊರತೆ ಅಂದಾನು. ನಮ್ಮ ಬಯಲಿಗೆ ಅದೇ ಗುಣ. ಹಾಗೆಂದು ಅದರ ಚರೆಯೂ ನಲವತ್ತು ಮೀಟರಿಗೇ ಬಿದ್ದುಹೋಗುವುದಿಲ್ಲ, ಇನ್ನೂ ನೂರಾರು ಮೀಟರ್ ಹೋಗಿ ಕಣ್ಣು ಕಳೆಯಬಲ್ಲದು. ಹನ್ನೆರಡು ಬೋರಿನಲ್ಲೇ ಒಂಟಿ ಗುಂಡು ಹಾಕಿದರಂತೂ ಈ ಲೆಕ್ಕವೆಲ್ಲ ತಪ್ಪುತ್ತದೆ. ಬಯಲಿನಲ್ಲಿ ಅದು ಬೇಡವೇ ಬೇಡ.

• ಶಹಾಬಾದ್ ಕಡೆಯವರಿಗೆ ಒಂದು ಮಾತು ಹೆಚ್ಚು. ಕೈಬಿಟ್ಟ ಕಲ್ಲಿನ ಗಣಿಗಳಲ್ಲಿ ಜಾಲಿ ಬೆಳೆದು ಹಂದಿಗೆ ಒಳ್ಳೆಯ ಅಡಗುದಾಣವಾಗಿದೆ. ಅಲ್ಲಿ ಫರಸಿ ಕಲ್ಲಿನ ಮೇಲೆ ಬಿದ್ದ ಗುಂಡು, ಚರೆ ಎತ್ತ ಪುಟಿಯುತ್ತದೆಂದು ಹೊಡೆದವನಿಗೂ ಗೊತ್ತಾಗುವುದಿಲ್ಲ. ಗಣಿಯೊಳಗೆ ಬಂದೂಕು ಹಿಡಿದು ಇಳಿಯಬೇಡಿ.

• ಒಂಟಿ ನಳಿಕೆಯೋ, ಜೋಡು ನಳಿಕೆಯೋ? ಹೊಲ ಕಾಯಲು ಒಂಟಿ ನಳಿಕೆ ಸಾಕು. ತೂಕ ಕಡಿಮೆ, ಕೆಡುವ ಭಾಗ ಕಡಿಮೆ, ತುಂಬಿದೆಯೋ ಇಲ್ಲವೋ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಜೋಡು ನಳಿಕೆಯಲ್ಲಿ ಒಂದನ್ನು ಹಾರಿಸಿ ಇನ್ನೊಂದು ತುಂಬಿದೆ ಎಂಬುದನ್ನು ಮರೆತು ಮನೆಗೆ ತರುವವರಿದ್ದಾರೆ. ಬಂದೂಕಿನಿಂದ ಆಗುವ ಅನಾಹುತ ಹೊಲಕ್ಕಿಂತ ಪಡಸಾಲೆಯಲ್ಲೇ ಹೆಚ್ಚು ಎಂಬುದು ನನ್ನ ಅನಿಸಿಕೆ.

• ಮೈಗೆ ಹೊಂದುತ್ತದೆಯೇ ನೋಡಿ. ಅಂಗಡಿಯಲ್ಲಿ, ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ. ಆಮೇಲೆ ಕಣ್ಣು ತೆರೆಯಿರಿ. ಕಣ್ಣು ನೇರವಾಗಿ ನಳಿಕೆಯ ಗುಂಟ ಹೋಗಿ ತುದಿಯ ಮಣಿಗೆ ತಾಗಿದರೆ ಅದು ನಿಮ್ಮ ಬಂದೂಕು. ಕುತ್ತಿಗೆ ಚಾಚಬೇಕಾಯಿತು, ಇಲ್ಲವೇ ಹಿಡಿ ಬಗಲಿಗೆ ಸಿಕ್ಕಿಕೊಂಡಿತು ಅಂದರೆ ಎಷ್ಟೇ ಅಗ್ಗವಾದರೂ ಬೇಡ. ಚಳಿಗಾಲದಲ್ಲಿ ಸ್ವೆಟರ್ ಮೇಲೆ ಶಾಲು ಹೊದ್ದು ಕೂರುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಬಟ್ಟೆ ದಪ್ಪವಾದಷ್ಟೂ ಹಿಡಿ ಉದ್ದವಾದಂತಾಗುತ್ತದೆ.

• ಹಳೆಯದು ಕೊಳ್ಳುವವರು ಅವಸರ ಮಾಡಬೇಡಿ. ಮಾರುವವನ ಲೈಸೆನ್ಸಿನಲ್ಲಿರುವ ನಂಬರು ಬಂದೂಕಿನ ಮೇಲೆ ಕೊರೆದ ನಂಬರಿಗೆ ಅಕ್ಷರಕ್ಕಕ್ಷರ ಹೊಂದಬೇಕು. ಅಳಿಸಿ ಮತ್ತೆ ಕೊರೆದ ಗುರುತಿದ್ದರೆ ಅಲ್ಲೇ ಕೈಮುಗಿದು ಹೊರಡಿ. ಆಮೇಲೆ ನಳಿಕೆ ಬಿಚ್ಚಿಸಿ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ. ಒಳಗಿನ ಬೆಳಕಿನ ಬಳೆಗಳು ದುಂಡಗೆ, ಒಂದರ ಹಿಂದೊಂದು ಕಾಣಬೇಕು. ಎಲ್ಲಾದರೂ ಬಳೆ ಸೊಟ್ಟಗಾದರೆ ಅಲ್ಲಿ ನಳಿಕೆ ತಗ್ಗಾಗಿದೆ ಇಲ್ಲವೇ ಉಬ್ಬಿದೆ. ಸಿಡುಬಿನ ಕಲೆಯಂಥ ಗುಳಿ ಕಂಡರೆ ಮದ್ದಿನ ಮಸಿ ತೊಳೆಯದೆ ಇಟ್ಟ ಬಂದೂಕು ಅದು. ಮದ್ದು ತುಂಬುವ ಬುಡದಲ್ಲಿ ಗುಳಿ ಇದ್ದರೆ ಕೊಳ್ಳಲೇಬೇಡಿ, ಒತ್ತಡವೆಲ್ಲ ಬೀಳುವುದು ಅಲ್ಲಿಯೇ. ನಳಿಕೆ ಮುಚ್ಚಿ ಹಿಡಿಯನ್ನು ಮೆಲ್ಲಗೆ ಅಲುಗಿಸಿ, ಕೂಡುವಲ್ಲಿ ಕಟಕಟ ಸದ್ದು ಬಂದರೆ ಕೀಲು ಸವೆದಿದೆ. ಕುದುರೆ ಏರಿಸಿ, ಟ್ರಿಗರ್ ಎಳೆಯದೆ ಅಂಗೈಯಿಂದ ಹಿಡಿಯ ಬುಡಕ್ಕೆ ಒಂದು ಪೆಟ್ಟು ಕೊಡಿ. ಕುದುರೆ ತಾನಾಗಿ ಬಿದ್ದರೆ ಅಂಥ ಬಂದೂಕು ಮನೆಯೊಳಗೆ ಬರಬಾರದು. ಮರದ ಹಿಡಿಗೆ ಕಟ್ಟಿದ ತಂತಿ ಕಂಡರೆ, ಯಾಕೆ ಕಟ್ಟಿದ್ದು ಎಂದು ಕೇಳಿ.

• ಬಾಯಿಮದ್ದಿನ ಬಂದೂಕಿಗೆ ಕರಿ ಮದ್ದು ಮಾತ್ರ. ಕಾರ್ತೂಸ್ ಬಿಚ್ಚಿ ಅದರ ಮದ್ದು ಸುರಿಯುವ ಜಾಣತನ ಕೆಲವರಿಗಿದೆ. ಆ ಮದ್ದಿನ ಒತ್ತಡವೇ ಬೇರೆ, ಬುಡ ಒಡೆದು ಮುಖಕ್ಕೆ ಹಾರುತ್ತದೆ. ಕೈ ಅಂದಾಜಿನಲ್ಲಿ ಅಳೆಯಬೇಡಿ, ಅಳತೆಯ ಕೊಳವಿ ಇಟ್ಟುಕೊಳ್ಳಿ. ಕೇಪು ಕೊನೆಗೆ, ಮಂಚಿಕೆ ಏರಿ ಕೂತ ಮೇಲೆ. ಕೇಪು ಹಾಕಿಕೊಂಡು ನಡೆಯುವುದು, ಒಡ್ಡು ಹಾರುವುದು, ಬೈಕ್ ಹತ್ತುವುದು ಯಾವುದೂ ಬೇಡ. ಹಾರಿಸಿದ ದಿನವೇ ಬಿಸಿನೀರಿನಿಂದ ನಳಿಕೆ ತೊಳೆದು, ಗಜಕ್ಕೆ ಒಣ ಬಟ್ಟೆ ಸುತ್ತಿ ಒರೆಸಿ, ಬಟ್ಟೆ ಬೆಳ್ಳಗೆ ಹೊರಬಂದ ಮೇಲೆ ಎಣ್ಣೆ ಬಟ್ಟೆ ಆಡಿಸಿ. ಕರಿ ಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು.

• ಎರೆಮಣ್ಣಿನ ಬಗ್ಗೆ ಬೇರೆ ಊರಿನವರು ಹೇಳಿಕೊಡುವುದಿಲ್ಲ. ಒಂದು ಮಳೆ ಬಿದ್ದರೆ ನಮ್ಮ ಮಣ್ಣು ಚಪ್ಪಲಿಗೆ ಮೆತ್ತಿ ಎರಡು ಸೇರು ತೂಗುತ್ತದೆ. ಒಡ್ಡಿಗೆ ಒರಗಿಸಿದ ಬಂದೂಕು ಜಾರಿ ಬಾಯಿ ಮಣ್ಣಿಗೆ ತಾಗಿದರೆ ಹೆಬ್ಬೆರಳಷ್ಟು ಮಣ್ಣು ಒಳಗೆ ಕೂರುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. ಹಾಗೇ ಹಾರಿಸಿದರೆ ನಳಿಕೆ ಸೀಳುತ್ತದೆ. ಎಡಗೈ ಇರುವುದು ಅದೇ ನಳಿಕೆಯ ಮೇಲೆ. ಬಿದ್ದ ಬಂದೂಕನ್ನು ಮೊದಲು ಖಾಲಿ ಮಾಡಿ, ಆಮೇಲೆ ಹಿಂದಿನಿಂದ ಟಾರ್ಚ್ ಹಾಕಿ ನೋಡಿ. ಬಾಯಿಮದ್ದಿನದಾದರೆ ಕೇಪು ತೆಗೆದು ಬದಿಗಿಟ್ಟು ಮನೆಗೆ ನಡೆಯಿರಿ, ಆ ರಾತ್ರಿಯ ಕಾವಲು ತಮಟೆಯಿಂದ ಆಗಲಿ.

• ಬಂದೂಕಿನ ಲೈಸೆನ್ಸ್ ಸಿಕ್ಕರೆ ಹಂದಿ ಹೊಡೆಯುವ ಹಕ್ಕೂ ಸಿಕ್ಕಿತು ಎಂದುಕೊಳ್ಳುವವರೇ ಬಹಳ. ಅವೆರಡು ಬೇರೆ ಬೇರೆ ಕಾಗದ. ಲೈಸೆನ್ಸ್ ಡಿಸಿ ಕಚೇರಿಯದು. ಹಂದಿಯನ್ನು ಹೊಡೆಯಲು ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿ ಬೇಕು. 2022ರ ತಿದ್ದುಪಡಿಯಾದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ, ನಿಂತ ಬೆಳೆಗೆ ಹಾನಿ ಮಾಡಿದರೆ ಅನುಮತಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಚಿಗರಿ, ನವಿಲು ಮೊದಲ ಅನುಸೂಚಿಯವು. ಬೆಳೆ ತಿಂದವು ಎಂಬ ಕಾರಣಕ್ಕೆ ಅವನ್ನು ಮುಟ್ಟುವಂತಿಲ್ಲ. ಕತ್ತಲಲ್ಲಿ ಅಲುಗಿದ್ದಕ್ಕೆಲ್ಲ ಗುರಿ ಹಿಡಿಯುವವನು ಯಾವತ್ತೋ ಒಂದು ದಿನ ಚಿಗರಿಯನ್ನೋ ಪಕ್ಕದ ಹೊಲದ ಕಾಕಾನನ್ನೋ ಹೊಡೆಯುತ್ತಾನೆ.

• ಚಿಂಚೋಳಿಯವರಿಗೆ ಇನ್ನೂ ಬಿಗಿ. 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವಾಯಿತು. ಚಂದ್ರಂಪಳ್ಳಿ, ಗೊಟ್ಟಂಗೊಟ್ಟ ಸುತ್ತಲಿನ ಕಾಡು ಅದರೊಳಗಿದೆ. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಇರುವವರಿಗೆ ಹೊಸ ಬಂದೂಕು ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕು. ಮೊದಲೇ ಲೈಸೆನ್ಸ್ ಇದ್ದವರ ಹೆಸರು ಅರಣ್ಯ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಅನುಮತಿಯಿಲ್ಲದೆ ಬಂದೂಕು ಹಿಡಿದು ಅಭಯಾರಣ್ಯದೊಳಗೆ ಕಾಲಿಟ್ಟರೂ ತಪ್ಪೇ, ಒಂದು ಗುಂಡೂ ಹಾರಿಸದಿದ್ದರೂ. ಹೆಗಲಿಗೆ ಹಾಕಿಕೊಂಡು ಅಡ್ಡದಾರಿಯಲ್ಲಿ ಮನೆಗೆ ಬರುತ್ತಿದ್ದೆ ಎಂದರೆ ಯಾರೂ ಕೇಳುವುದಿಲ್ಲ.

• ಕಾಗದಪತ್ರದ ಮಾತು ಬೇಗ ಹೇಳಿ ಮುಗಿಸುತ್ತೇನೆ. ವಯಸ್ಸು ಇಪ್ಪತ್ತೊಂದು ತುಂಬಿರಬೇಕು. ಬಂದೂಕು ಬಳಸುವ ಸುರಕ್ಷತಾ ತರಬೇತಿ ಆಗಬೇಕು. 2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ ಐದು ವರ್ಷ, ಒಬ್ಬರಿಗೆ ಎರಡೇ ಬಂದೂಕು. ನವೀಕರಣಕ್ಕೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ಚುನಾವಣೆ ಘೋಷಣೆಯಾಗಿ ಆದೇಶ ಬಂದ ಕೂಡಲೇ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ; ಫಲಿತಾಂಶದ ಮೇಲೆ ವಾಪಸ್ ತರುವುದನ್ನು ಮರೆಯಬೇಡಿ, ಅಲ್ಲಿ ಯಾರೂ ಎಣ್ಣೆ ಹಚ್ಚುವುದಿಲ್ಲ.

• "ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?" ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, 2029ರವರೆಗೆ ಮುಂದುವರಿದಿದೆ. ಕಲಬುರಗಿ ಜಿಲ್ಲೆಗೂ ಅದಕ್ಕೂ ಸಂಬಂಧವಿಲ್ಲ.

• ಬಂದೂಕು ಎರವಲು ಕೊಡುವ ಸಾಮಾನಲ್ಲ. ಅಳಿಯನಿಗೂ ಇಲ್ಲ, ಹೊಲದ ಆಳಿಗೂ ಇಲ್ಲ. ರಿಪೇರಿಗೋ ನವೀಕರಣಕ್ಕೋ ಬೇರೆಯವರು ಒಯ್ಯಬೇಕಾದರೆ ನಿಮ್ಮ ಸಹಿಯ ಅಧಿಕಾರ ಪತ್ರ ಜೊತೆಗಿರಬೇಕು. ಅಪ್ಪ ತೀರಿಕೊಂಡರೆ ಬಂದೂಕು ಆಸ್ತಿಯ ಜೊತೆ ತಾನಾಗಿ ಮಗನಿಗೆ ಬರುವುದಿಲ್ಲ. ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ, ಆಮೇಲೆ ವಾರಸುದಾರನಾಗಿ ಅರ್ಜಿ ಹಾಕಬೇಕು. ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟ ಮುತ್ಯಾನ ಬಂದೂಕು ಕಾನೂನಿನ ಕಣ್ಣಿಗೆ ಲೈಸೆನ್ಸಿಲ್ಲದ ಆಯುಧ. ಅದಕ್ಕೆ ಎರಡು ವರ್ಷದಿಂದ ಐದು ವರ್ಷ.

• ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಗಾಳಿಗೆ ಹಾರಿಸುವ ಗತ್ತು ಬೇಡ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ನಾಡ ಪಿಸ್ತೂಲು ಅಗ್ಗಕ್ಕೆ ಸಿಗುತ್ತದೆ ಎಂದು ಕಿವಿಯಲ್ಲಿ ಹೇಳುವವನ ಜೊತೆ ಚಹಾ ಕೂಡ ಕುಡಿಯಬೇಡಿ.

• ಈಗ ಬಂದೂಕಿಗಿಂತ ಕೆಟ್ಟದ್ದು. ಹಂದಿಗೆಂದು ಕಂಬದಿಂದ ತಂತಿ ಎಳೆದು ಹೊಲದ ಸುತ್ತ ಕರೆಂಟು ಹರಿಸುತ್ತಾರೆ. ಸಾಯುವುದು ನೀರು ಕಟ್ಟಲು ಬಂದ ಅಣ್ಣ, ಕಟ್ಟಿಗೆಗೆ ಬಂದ ಹೆಣ್ಣುಮಗಳು, ಹಗ್ಗ ಹರಿದುಕೊಂಡು ಬಂದ ಎತ್ತು. ಸೋಲಾರ್ ಬೇಲಿ ಹಾಗಲ್ಲ. ಅದರ ಯಂತ್ರ ಸೆಕೆಂಡಿಗೆ ಒಂದರಂತೆ ಕ್ಷಣಮಾತ್ರದ ಏಟು ಕೊಡುತ್ತದೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಜೀವ ಹೋಗುವುದಿಲ್ಲ. ಸಹಾಯಧನ ಇದೆಯೇ ಎಂದು ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಹಣ್ಣಿನಲ್ಲಿ ಸಿಡಿಮದ್ದು ಇಡುವವರಿಗೆ ಹೇಳುವುದೇನೂ ಇಲ್ಲ. ನಿಮ್ಮ ಆಕಳ ಬಾಯಿ ಒಡೆದಾಗ ನಿಮಗೇ ತಿಳಿಯುತ್ತದೆ.

• ನನ್ನನ್ನು ಕೇಳಿದರೆ ಹೊಲದ ಕಾವಲಿಗೆ ಮೊದಲು ಬೇಕಾದ್ದು ಮಂಚಿಕೆ, ಟಾರ್ಚು, ಕವಣೆ, ತಮಟೆ, ಜೊತೆಗೆ ಪಾಳಿ ಹಂಚಿಕೊಳ್ಳುವ ನಾಲ್ಕು ಹೊಲದವರು. ಹಳೆ ಸೀರೆ ಕಟ್ಟುವುದು, ಕ್ಷೌರದಂಗಡಿಯ ಕೂದಲು ಒಡ್ಡಿನ ಮೇಲೆ ಚೆಲ್ಲುವುದು ಕೆಲವು ದಿನ ನಡೆಯುತ್ತವೆ, ಆಮೇಲೆ ಹಂದಿಗೆ ರೂಢಿಯಾಗುತ್ತದೆ. ಪಾಳಿಯಲ್ಲಿ ಎದ್ದಿರುವ ಮನುಷ್ಯನ ಸದ್ದು ರೂಢಿಯಾಗುವುದಿಲ್ಲ. ಜೋಳ ಹಾಲುಗಾಳಾದಾಗಿನಿಂದ ಕೊಯ್ಲಿನವರೆಗೆ ಕಾವಲು ಬಿಡದಿದ್ದರೆ ಬಹುಪಾಲು ಬೆಳೆ ಮನೆಗೆ ಬರುತ್ತದೆ. ಬಂದೂಕಿದ್ದವನು ಅದನ್ನೇ ನಂಬಿ ಮಲಗಿಬಿಡುತ್ತಾನೆ.

• ಕರಡಿ ನಿಜವಾಗಿ ಇರುವ ದರೋಜಿ, ಗುಡೇಕೋಟೆ ಕಡೆ ಬೀಗರಿರುವವರು, ಅಲ್ಲಿಗೆ ಕೂಲಿಗೆ ಹೋಗುವವರು ಇದನ್ನು ಗಮನಿಸಿ. ದರೋಜಿ 1994ರಲ್ಲೇ ಕರಡಿಧಾಮವಾದ ಜಾಗ. ಕರಡಿಗೆ ಮೂಗು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೇ. ಹಾಗಾಗಿ ಎದುರು ಬಂದವನು ತೀರ ಹತ್ತಿರ ಬಂದ ಮೇಲೆ ಗೊತ್ತಾಗಿ, ಗಾಬರಿಯಲ್ಲಿ ಎರಗುತ್ತದೆ. ಬೆನ್ನ ಮೇಲೆ ಮರಿ ಇದ್ದರೆ ಮುಗಿದೇಹೋಯಿತು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಬಂಡೆಗಳ ನಡುವೆ ಒಬ್ಬರೇ ಹೋಗಬೇಡಿ. ಜೊತೆಯಾಗಿ, ಜೋರಾಗಿ ಮಾತಾಡುತ್ತ ಹೋಗಿ. ಓಡಿ ಗೆಲ್ಲುವುದು ಆಗದ ಮಾತು. ಮೈಮೇಲೆ ಬಂದರೆ ಬೋರಲಾಗಿ ಮಲಗಿ, ಎರಡೂ ಕೈಯಿಂದ ಕುತ್ತಿಗೆ ಮುಚ್ಚಿಕೊಳ್ಳಿ. ಕರಡಿ ಉಗುರು ಹಾಕುವುದು ಹೆಚ್ಚಾಗಿ ಮುಖಕ್ಕೆ ತಲೆಗೆ.

• ಕರಡಿಗೆ ಯಾವ ರೈಫಲ್ ಎಂದು ಅಮೆರಿಕದಲ್ಲಿ ನೌಕರಿಗಿರುವ ನಮ್ಮೂರ ಹುಡುಗರು ಕೇಳಿದರೆ ಉತ್ತರ ಬೇರೆ. ಅಲ್ಲಿಯ ಕಪ್ಪು ಕರಡಿ ಬೇರೆಯೇ ಜಾತಿ, ಅನೇಕ ರಾಜ್ಯಗಳಲ್ಲಿ ಋತು ನೋಡಿ ಪರವಾನಗಿ ಕೊಟ್ಟು ಬೇಟೆಗೆ ಬಿಡುತ್ತಾರೆ. ದಟ್ಟ ಕಾಡಿನಲ್ಲಿ ಹತ್ತಿರದಿಂದ ಹೊಡೆಯುವವರು .30-30 ಹಿಡಿಯುತ್ತಾರೆ, ದೂರಕ್ಕೆ .308 ಅಥವಾ .30-06. ದೊಡ್ಡ ಬೋರು ತಗೊಂಡು ಒದೆತಕ್ಕೆ ಹೆದರಿ ಕಣ್ಣು ಮುಚ್ಚುವುದಕ್ಕಿಂತ ಕೈಗೆ ಪಳಗಿದ ನಡುಮಧ್ಯದ್ದು ಲೇಸು. ಆದರೆ ತಮ್ಮಾ, ಎಚ್-1ಬಿ ವೀಸಾದವರು ಅಲ್ಲಿ ಬಂದೂಕು, ಕಾರ್ತೂಸ್ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಪರವಾನಗಿ ಇದ್ದವರಿಗೆ ಮಾತ್ರ ವಿನಾಯಿತಿ. ವಕೀಲರನ್ನು ಕೇಳದೆ ಗೆಳೆಯನ ರೈಫಲ್ ಮುಟ್ಟಬೇಡ. ಊರಿಗೆ ಬರುವಾಗ ಚೀಲದ ಮೂಲೆ ಮೂಲೆ ತಡಕಿ ನೋಡು. ಒಂದೇ ಒಂದು ಕಾರ್ತೂಸ್ ಉಳಿದಿದ್ದರೂ ವಿಮಾನ ನಿಲ್ದಾಣದಿಂದ ನೇರ ಠಾಣೆಗೆ. ಕರಡಿಯ ಚರ್ಮ, ಉಗುರು ನೆನಪಿಗೆಂದು ತರುವ ಆಸೆಯೂ ಬೇಡ.

• ಬೆಳೆ ಹಾನಿಯಾದ ಬೆಳಿಗ್ಗೆ ಮೊದಲ ಕೆಲಸ ಫೋಟೊ: ಹೆಜ್ಜೆ ಗುರುತು, ಮುರಿದ ದಂಟು, ಹೊಲದ ಗುರುತು ಸಿಗುವ ಹಾಗೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಅದೇ ದಿನ ಅರಣ್ಯ ಕಚೇರಿಗೆ ಹೋಗಿ ಪರಿಹಾರದ ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಸಿಗುವ ಹಣ ಬೆಳೆಯ ಬೆಲೆಗೆ ಸಾಟಿಯಲ್ಲ, ನಿಜ. ಆದರೂ ಪ್ರತಿಸಲ ಕೊಡಿ, ಯಾಕೆಂದರೆ ನಾಳೆ ಹಂದಿ ಹೊಡೆಯಲು ಅನುಮತಿ ಕೇಳಿದಾಗ ನಿಮ್ಮ ಹೊಲಕ್ಕೆ ಹಾನಿಯಾಗಿದೆ ಎನ್ನುವುದಕ್ಕೆ ಈ ಅರ್ಜಿಗಳೇ ಸಾಕ್ಷಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಫೋನಿನಲ್ಲಿ ಇವತ್ತೇ ಬರೆದಿಟ್ಟುಕೊಳ್ಳಿ.